ಲ್ಯಾಪ್‌ಟಾಪಿಗೆ ಇಟ್ಟ ದೃಷ್ಟಿಬೊಟ್ಟು

ಅಥವಾ ಆ ಬೊಟ್ಟು ಮೂಲೆಯಲ್ಲಿತ್ತೇನೋ. ಇಲ್ಲ, ಮೂಲೆಯಲ್ಲಿದ್ದರೆ ಮುಂದಿನ ಗದ್ದಲವೇ ಆಗುತ್ತಿರಲಿಲ್ಲ, ನಟ್ಟನಡುವೆಯೇ ಇದ್ದಿರಬೇಕು. ಆದರೆ ಹೀಗೆ ಮುಂದಾದದ್ದನ್ನು ಹಿಡಿದು ಹಿಂದಿನದನ್ನು ತಿದ್ದುತ್ತ ಹೋದರೆ ಅದನ್ನು ನೆನಪು ಎನ್ನಬೇಕೋ ಊಹೆ ಎನ್ನಬೇಕೋ ನನಗೆ ತಿಳಿಯುವುದಿಲ್ಲ. ಈ ಪ್ರಸಂಗವನ್ನು ಎಷ್ಟೋ ಮದುವೆಮನೆಗಳ ಊಟದ ಪಂಕ್ತಿಯಲ್ಲಿ, ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಹೇಳಿ ನಗಿಸಿದ್ದೇನೆ. ಜನ ಎಲ್ಲಿ ನಕ್ಕರೋ ಅಲ್ಲಿ ಅದು ಪ್ರತಿ ಸಲವೂ ಸ್ವಲ್ಪ ಉಬ್ಬಿದೆ. ಎಲ್ಲಿ ನಗಲಿಲ್ಲವೋ ಅಲ್ಲಿ ಸವೆದಿದೆ. ಹೀಗೆ ಉಬ್ಬಿ ಸವೆದು ಉಳಿದದ್ದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ, ನೋಡಿಕೊಂಡು ತಗೊಳ್ಳಿ.

ಹೇಳುತ್ತಿರುವುದು ಒಂದು ಕಾಡಿಗೆ ಬೊಟ್ಟಿನ ವಿಷಯ. ಹತ್ತು ಹನ್ನೆರಡು ವರ್ಷಗಳ ಹಿಂದೆ ನಮ್ಮ ಗೋಪನಕೊಪ್ಪದ ಮನೆಗೆ ಬಂದ ಮೊದಲ ಲ್ಯಾಪ್‌ಟಾಪಿಗೆ, ಯಾರ ದೃಷ್ಟಿಯೂ ತಾಗದಿರಲೆಂದು ನಮ್ಮ ಅತ್ತೆ ಇಟ್ಟ ಬೊಟ್ಟು. ಅತ್ತೆ ಇಟ್ಟದ್ದು ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಲ್ಯಾಪ್‌ಟಾಪು ನನ್ನದಲ್ಲ, ನನ್ನ ನೆಗೆಣ್ಣಿ ಶೈಲಾಳದು, ಅಂದರೆ ನನ್ನ ಮೈದುನನ ಹೆಂಡತಿಯದು. ಈ ಒಂದು ವಾಕ್ಯವನ್ನು ಇಷ್ಟು ವರ್ಷಗಳ ಮೇಲೂ ನಾನು ಸಮ ಉಸಿರಿನಲ್ಲಿ ಹೇಳಲಾರೆ.

ಇದೆಲ್ಲ ಈಗ ಯಾಕೆ ಎದ್ದಿತೆಂದರೆ, ಮೊನ್ನೆ ನಾನೂ ಒಂದು ಲ್ಯಾಪ್‌ಟಾಪು ತಗೊಂಡೆ. ನನ್ನದೇ. ನನ್ನ ಮಗ ಬಳಸಿ ಬಿಟ್ಟದ್ದಲ್ಲ, ಶಾಲೆಯಿಂದ ತಂದದ್ದಲ್ಲ. ಪೆಟ್ಟಿಗೆ ಬಿಚ್ಚಿದಾಗ ಬಂದ ಹೊಸ ಪ್ಲಾಸ್ಟಿಕ್ಕಿನ ವಾಸನೆಯನ್ನು ಯಾರೂ ನೋಡದ ಹಾಗೆ ಒಮ್ಮೆ ಆಳವಾಗಿ ಎಳೆದುಕೊಂಡೆ. ಮರುದಿನದಿಂದಲೇ ಪರದೆಯ ಕೆಳಮೂಲೆಯಲ್ಲಿ ಒಂದು ಚೌಕ ಮೇಲೆದ್ದು ಬರತೊಡಗಿತು. ನಿಮ್ಮ ರಕ್ಷಣೆಯ ಅವಧಿ ಮುಗಿಯುತ್ತ ಬಂದಿದೆ, ಎಂದು. ಲ್ಯಾಪ್‌ಟಾಪಿನ ಜೊತೆ ಪುಕ್ಕಟೆ ಬಂದಿದ್ದ ಆಂಟಿವೈರಸ್ಸಿನ ಗೋಳು ಅದು. ಇನ್ನು ಸ್ವಲ್ಪ ದಿನ ಕಾಯುತ್ತೇನೆ, ಆಮೇಲೆ ನಿನ್ನ ಗತಿ ನೀನೇ ನೋಡಿಕೋ ಎನ್ನುವ ಧಾಟಿ. ಮುಚ್ಚಿದರೆ ಮತ್ತೆ ಏಳುತ್ತಿತ್ತು. ಪದ್ಯದ ಸಾರಾಂಶ ಬರೆಯುತ್ತಿದ್ದಾಗ ಎದ್ದಿತು, ಮಕ್ಕಳ ಅಂಕ ತುಂಬುತ್ತಿದ್ದಾಗ ಎದ್ದಿತು.

ಯಾವುದು ಹಾಕಿಸಲಿ ಎಂದು ನಮ್ಮ ಮನೆಯವರನ್ನು ಕೇಳಿದೆ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಅದರಾಗ ಹುಟ್ಟಾ ಒಂದು ಬಂದಿರತೈತಿ. ಅಷ್ಟ ಸಾಕು. ಈಗ ಯಾರೂ ಏನೂ ಹಾಕಸಂಗಿಲ್ಲ."

ಮಾತು ಸರಿಯಾಗಿಯೇ ಇತ್ತು. ನಮ್ಮ ಶಾಲೆಯ ಕಂಪ್ಯೂಟರ್ ಮಾಸ್ತರರೂ ಮರುದಿನ ಅದನ್ನೇ ಹೇಳಿದರು. ಅಪ್‌ಡೇಟ್ ಮಾತ್ರ ತಪ್ಪಿಸಬೇಡಿ, ಸಿಕ್ಕ ಸಿಕ್ಕ ಲಿಂಕ್ ಒತ್ತಬೇಡಿ, ಅಷ್ಟಿದ್ದರೆ ಸಾಕು ಎಂದರು. ಆದರೆ ನನಗೆ ಹೊತ್ತಿಕೊಂಡದ್ದು ಆ ತಲೆ ಎತ್ತದ ತಲೆಯನ್ನು ನೋಡಿ. ಶೈಲಾಳ ಲ್ಯಾಪ್‌ಟಾಪಿಗೆ ಇದೇ ಮನುಷ್ಯ ವಾರಗಟ್ಟಲೆ ಆಂಟಿವೈರಸ್ ಹುಡುಕಿದ್ದರು.

ಹುಡುಕುವುದು ಅವರ ಸ್ವಭಾವ, ಅದನ್ನೂ ಹೇಳಬೇಕು. ಅವರು ಹತ್ತಿ ದಲಾಲಿ ಅಂಗಡಿಯಲ್ಲಿ ಕೆಲಸ ಮಾಡುವವರು. ಒಂದು ಚಿಟಿಕೆ ಹತ್ತಿಯನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಎಳೆಯುತ್ತಾರೆ, ಎಳೆಯ ಉದ್ದ ನೋಡುತ್ತಾರೆ, ಒಂದರ ಮೇಲೊಂದು ಇಟ್ಟು ಮತ್ತೆ ಎಳೆಯುತ್ತಾರೆ, ಆಮೇಲೆ ಬೆಳಕಿಗೆ ಹಿಡಿಯುತ್ತಾರೆ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಹೀಗೆಯೇ. ಮಾರುವವಳು ಬೈದು ಬುಟ್ಟಿ ಆಚೆ ಎಳೆದುಕೊಳ್ಳುವವರೆಗೂ. ನನ್ನನ್ನು ಮಾತ್ರ ಒಂದೇ ಸಲ ನೋಡಿ ಹೂಂ ಅಂದರಂತೆ. ಇದನ್ನು ಅವರ ಕಡೆಯವರು ಹೊಗಳಿಕೆ ಎಂದೇ ಹೇಳುತ್ತಾರೆ. ನಾನು ಇನ್ನೂ ತೀರ್ಮಾನಿಸಿಲ್ಲ.

ಆ ಹುಡುಕಾಟದ ಕೊನೆಗೆ ದೇಶಪಾಂಡೆ ನಗರದ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆವು. ನಾನು ಜೊತೆಗಿದ್ದೆ, ಕುಪ್ಪಸದ ಬಟ್ಟೆ ತಗೊಳ್ಳುವುದಿತ್ತು, ಅದು ಕೊನೆಗೂ ಆಗಲಿಲ್ಲ. ಆಗೆಲ್ಲ ಆಂಟಿವೈರಸ್ ಎಂದರೆ ಒಳಗೆ ಸಿಡಿ ಇದ್ದ ಪೆಟ್ಟಿಗೆ. ಅಂಗಡಿಯವನು ಮೂರು ಪೆಟ್ಟಿಗೆಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ಮೊದಲನೆಯದು ಭಾಳ ಜೋರು ಆದರೆ ಮಶೀನನ್ನು ಜಡ ಮಾಡುತ್ತದೆ, ಎರಡನೆಯದು ಹಗುರ ಆದರೆ ಒಮ್ಮೊಮ್ಮೆ ನಿದ್ದೆ ಹೊಡೆಯುತ್ತದೆ, ಮೂರನೆಯದು ಇವೆರಡರ ನಡುವಿನದು ಎಂದ.

"ಮನಿ ಕಾಯೋ ನಾಯಿನೂ ಹಿಂಗ ಇರತಾವ ನೋಡ್ರಿ," ಎಂದರು ನಮ್ಮವರು. ಅಂಗಡಿಯವನು ನಕ್ಕ. ಆಮೇಲೆ ನಮ್ಮವರು ದನಿ ತಗ್ಗಿಸಿ, ಬೇರೆಯದೇ ಒಂದು ಮುಖ ಮಾಡಿ ಹೇಳಿದರು. "ನಮ್ಮ ತಮ್ಮನ ಹೆಂಡತಿದು. ಕಾಲೇಜಿನಾಗ ಕಲಸ್ತಾಳ. ಆಕಿ ಬರದದ್ದೆಲ್ಲಾ ಅದರಾಗ ಐತಿ. ಹೋದರ ಮತ್ತ ಬರಂಗಿಲ್ಲ."

ಆ ಮುಖ ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿರುವುದರಿಂದಲೇ ಅದನ್ನು ನಂಬಲು ಹೆದರುತ್ತೇನೆ. ನಾನೂ ಕಲಿಸುತ್ತಿದ್ದೆ, ಹೈಸ್ಕೂಲಿನಲ್ಲಿ, ಆಕೆ ಮನೆಗೆ ಬರುವ ಮೊದಲಿನಿಂದಲೂ. ನನ್ನ ಪಾಠವೆಲ್ಲ ನನ್ನ ತಲೆಯಲ್ಲಿತ್ತು. ತಲೆಯಲ್ಲಿದ್ದದ್ದು ಹೋದರೆ ಮತ್ತೆ ಬರುತ್ತದೆಯೇ ಎಂದು ಯಾರೂ ಯಾವ ಅಂಗಡಿಯಲ್ಲೂ ವಿಚಾರಿಸಲಿಲ್ಲ. ಮೂರನೆಯ ಪೆಟ್ಟಿಗೆಯನ್ನು ಅವರು ಅಂಗಿಯ ಒಳಗೆ ಇಟ್ಟುಕೊಂಡು ಬೈಕು ಓಡಿಸಿದರು. ಜಿಟಿಜಿಟಿ ಮಳೆಯಿತ್ತು ಎಂದು ನಾನು ಇಲ್ಲಿ ಸೇರಿಸಬಹುದು. ಮಳೆ ಇತ್ತೋ ಇಲ್ಲವೋ, ಹಿಂದೆ ಕೂತ ನಾನು ಒದ್ದೆಯಾದ ಹಾಗೆ ಮಾತ್ರ ನೆನಪು.

ಶೈಲಾ ಕೆಟ್ಟವಳಾಗಿದ್ದರೆ ಈ ಪ್ರಬಂಧ ಸುಲಭವಾಗುತ್ತಿತ್ತು. ಆಕೆ ಅಕ್ಕಾರ, ಅಕ್ಕಾರ ಎನ್ನುತ್ತ ಹಿಂದೆ ಮುಂದೆ ಓಡಾಡುತ್ತಿದ್ದಳು. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಬರುವುದಿಲ್ಲ ಎಂದು ನಗುತ್ತ ಹೇಳುತ್ತಿದ್ದಳು. ಹಾಗೆ ನಗುತ್ತ ಬರುವುದಿಲ್ಲ ಎನ್ನಲು ನನಗೆ ಎಂದೂ ಬಂದಿಲ್ಲ. ನೀವೇ ಹೇಳಿ, ಕೆಟ್ಟವರ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ಏನು ಕಷ್ಟವಿದೆ?

ಪರೀಕ್ಷೆಯ ದಿನಗಳು. ಶಾಲೆಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಪ್ರಶ್ನೆಪತ್ರಿಕೆ ಟೈಪ್ ಮಾಡಿಸಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದಿದ್ದೆ. ಮನೆಗೆ ಬಂದು, ಜೊತೆಗೆ ತೆಗೆಸಿಕೊಂಡಿದ್ದ ಪ್ರಿಂಟು ನೋಡಿದರೆ ಎಲ್ಲ ಒತ್ತಕ್ಷರಗಳೂ ಸ್ಥಾನ ಬಿಟ್ಟು ಕೂತಿದ್ದವು. ತಿದ್ದಿಕೊಡು ಎಂದು ಶೈಲಾಳನ್ನು ಕೇಳಿದೆ. "ಕೊಡ್ರಿ ಅಕ್ಕಾರ, ಅದೇನ ದೊಡ್ಡ ಮಾತು," ಎಂದು ಆಕೆ ಕೈ ಚಾಚಿದಳು. ಹಿಂದಿನಿಂದ ನಮ್ಮವರ ದನಿ ಬಂತು.

"ತಡೀ, ಹಚ್ಚಬ್ಯಾಡ. ಆಕಿ ಪೆನ್‌ಡ್ರೈವ್ ಎಲ್ಲೆಲ್ಲಿ ಅಡ್ಡಾಡಿ ಬಂದೈತೋ ಏನೋ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಮಾತ್ರ ನಗದೆ, ಅದಕ್ಕೇನು ರೋಗ ಐತೇನು ಎಂದು ವಿಚಾರಿಸಿದರು. ರೋಗ ಎಂದರೆ ರೋಗವೇ ಎಂದು ಮಗ ತಾಯಿಗೆ ವಿವರಿಸಿದರು: ಕಣ್ಣಿಗೆ ಕಾಣುವುದಿಲ್ಲ, ಹೊರಗಿನಿಂದ ಬರುತ್ತದೆ, ಬಂದಮೇಲೆ ಚೆನ್ನಾಗಿದ್ದ ಮಶೀನು ಸೊರಗುತ್ತದೆ, ನಿಂತಲ್ಲೇ ನಿಲ್ಲುತ್ತದೆ, ಇದ್ದದ್ದು ಇಲ್ಲವಾಗುತ್ತದೆ. ಅತ್ತೆ ಎಲ್ಲ ಕೇಳಿ ಒಂದೇ ಮಾತು ಹೇಳಿದರು.

"ಅಂದ್ರ ನೆದರ ಅನ್ನು."

ನೆದರು ಎಂದರೆ ನಮ್ಮ ಕಡೆ ಕೆಟ್ಟ ದೃಷ್ಟಿ. ಕೂಸಿನ ಕೆನ್ನೆಗೆ ಕಪ್ಪು ಇಡುವುದು, ಹೊಸ ಮನೆಯ ಮುಂದೆ ಬೂದುಗುಂಬಳ ಕಟ್ಟುವುದು, ಹೊಸ ಟ್ರ್ಯಾಕ್ಟರಿನ ಹಿಂದೆ ಹಳೆಯ ಚಪ್ಪಲಿ ನೇತುಹಾಕುವುದು ಎಲ್ಲ ಅದಕ್ಕಾಗಿಯೇ. ಅತ್ತೆಗೆ ಅಂದಿನಿಂದ ಆಂಟಿವೈರಸ್ ಬಗ್ಗೆ ತಿಳಿಯದ್ದು ಏನೂ ಉಳಿಯಲಿಲ್ಲ. ಒಂದು ಚಿಟಿಕೆಯಲ್ಲಿ ಆಗುವುದಕ್ಕೆ ಇವರು ಪೆಟ್ಟಿಗೆ ಪೆಟ್ಟಿಗೆ ತರುತ್ತಾರಲ್ಲ ಎಂದು ಅವರಿಗೆ ಅಚ್ಚರಿ.

ಇತ್ತ ನಮ್ಮವರು ನನ್ನ ಪೆನ್‌ಡ್ರೈವನ್ನು ತಾವೇ ಹಚ್ಚಿ ಪರೀಕ್ಷಿಸಿದರು. ಹಚ್ಚಿದ ತಕ್ಷಣ ಮೂರನೆಯ ಪೆಟ್ಟಿಗೆಯ ನಾಯಿ ಬೊಗಳಿತು. ನಿಜವಾಗಿಯೂ ಅದಕ್ಕೊಂದು ದನಿ ಇತ್ತು, ಕೆಂಪು ಚೌಕವೊಂದು ಹಾರಿ ಬಂತು. ನನ್ನ ಪೆನ್‌ಡ್ರೈವಿನಲ್ಲಿ ಖರೇನೇ ವೈರಸ್ ಇತ್ತು. ಅದೇ ಇವತ್ತಿಗೂ ನನ್ನ ದುಃಖ. ಅನುಮಾನ ಸುಳ್ಳಾಗಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಮರುದಿನ ನೋಡಿದರೆ ಲ್ಯಾಪ್‌ಟಾಪಿನ ಮೇಜಿನ ಮೇಲೆ ಇರುತ್ತಿದ್ದ ನನ್ನ ಶಾಲೆಯ ಚೀಲವನ್ನು ಅತ್ತೆ ಎತ್ತಿ ಬಚ್ಚಲಿನ ಪಕ್ಕದ ಮೊಳೆಗೆ ತೂಗುಹಾಕಿದ್ದರು.

ಆಮೇಲಿನದು ನೀವು ಊಹಿಸಬಹುದು. ಧಾರವಾಡದ ಒಂದು ಕಾಲೇಜಿನಲ್ಲಿ ಕಾಯಂ ಕೆಲಸಕ್ಕೆ ಶೈಲಾ ಅರ್ಜಿ ಹಾಕಿದ್ದಳು. ಮೊದಲ ಸುತ್ತಿನ ಸಂದರ್ಶನ ವಿಡಿಯೋದಲ್ಲಿ. ಮುಂಜಾನೆ ಎದ್ದು ಇಳಕಲ್ ಸೀರೆ ಉಟ್ಟು, ನಮ್ಮ ಪಡಸಾಲೆಯ ಗೋಡೆಗೆ ಬೆನ್ನು ಹಾಕಿ ಕೂತಳು. ಆ ಕಡೆಯವರ ಮುಖ ಕಾಣುತ್ತಿತ್ತು, ಆಕೆಯ ಮುಖ ಅವರಿಗೆ ಕಾಣುತ್ತಿರಲಿಲ್ಲ. ಕತ್ತಲೆ ಬರುತ್ತಿದೆ ಮೇಡಂ, ದೀಪ ಹಚ್ಚಿರಿ ಎಂದರು. ದೀಪ ಹಚ್ಚಿದೆವು. ಕಿಟಕಿ ತೆರೆದೆವು. ಮಧ್ಯಾಹ್ನ ಮತ್ತೆ ಕೂಡೋಣ ಎಂದು ಅವರು ಎದ್ದರು. ನಮ್ಮವರು ಕೆಲಸಕ್ಕೆ ಹೋಗದೆ ಲ್ಯಾಪ್‌ಟಾಪಿನ ಮುಂದೆ ಕೂತರು. ಸ್ಕ್ಯಾನಿನ ಹಸಿರು ಪಟ್ಟಿ ಇರುವೆಯ ಹಾಗೆ ಹರಿಯಿತು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದರೆ ಒಳಗೆ ಆಳದಲ್ಲಿ ಅಡಗಿದೆ ಎಂದು ಆ ಆಂಟಿವೈರಸ್ಸನ್ನು ಕಿತ್ತು ಹಾಕಿದರು, ಅಂಗಡಿಗೆ ಓಡಿ ಮೊದಲನೆಯ ಪೆಟ್ಟಿಗೆ ತಂದು ತುಂಬಿಸಿದರು, ಮತ್ತೆ ಇರುವೆ ಹರಿಯಿತು. ಒಂದೆರಡು ಸಲ ನನ್ನ ಕಡೆ ನೋಡಿದರು. ನನ್ನ ಪೆನ್‌ಡ್ರೈವ್ ನನ್ನ ಕೈಯಲ್ಲೇ ಇತ್ತು, ತೆರೆದು ತೋರಿಸಿದೆ.

ಶೈಲಾ ಅಳುತ್ತಿದ್ದಳು. ಕಣ್ಣೊರೆಸಿದ ಸೆರಗಿನಿಂದಲೇ ಪರದೆಯ ಮೇಲಿನ ಧೂಳನ್ನೂ ಒರೆಸಿದಳು. ಸೆರಗಿಗೆ ಕಪ್ಪು ಹತ್ತಿತು. ಪರದೆಯಲ್ಲಿ ಆಕೆಯ ಮುಖ ಬಂತು, ಬಾಯಿ ತೆರೆದುಕೊಂಡು.

ತೆರೆದಿಟ್ಟ ಲ್ಯಾಪ್‌ಟಾಪು ಒಂದು ಮುಖ ಎಂದುಕೊಳ್ಳಿ. ಹಣೆಯ ನಟ್ಟನಡುವೆ ಒಂದು ಸಣ್ಣ ದುಂಡನೆಯ ಗುರುತು. ಬೊಟ್ಟು ಇಡುವ ಬೆರಳು ಇನ್ನೆಲ್ಲಿಗೆ ಹೋದೀತು? ಕ್ಯಾಮೆರಾದ ಕಣ್ಣಿನ ಮೇಲೇ ಕಾಡಿಗೆ ಕೂತಿತ್ತು. ದೃಷ್ಟಿ ತಾಗದಿರಲೆಂದು ಇಟ್ಟದ್ದು ದೃಷ್ಟಿಯನ್ನೇ ಮುಚ್ಚಿತ್ತು. ಮದುವೆಮನೆಗಳಲ್ಲಿ ನಾನು ಈ ವಾಕ್ಯಕ್ಕೆ ನಿಲ್ಲಿಸುತ್ತೇನೆ, ಜನ ನಗುತ್ತಾರೆ. ಆ ದಿನವೂ ನಕ್ಕೆವು, ಎಲ್ಲರ ಕಣ್ಣೂ ಅತ್ತೆಯ ಕಡೆ ತಿರುಗಿತು, ಯವ್ವಾ ಏನ ಮಾಡಿದಿ ಇದು ಎಂದು ಮಗ ತಲೆ ತಲೆ ಬಡಿದುಕೊಂಡರು. ಅತ್ತೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹೊರಗಿನ ನೆದರ ಹೆಂಗರ ತಡಕೋಬಹುದು. ಮನ್ಯಾಗಿನ ನೆದರ ಭಾಳ ಕೆಟ್ಟ," ಎಂದು ನನ್ನ ಕಡೆ ನೋಡಿದರು. ಅಥವಾ ನನ್ನ ಹಿಂದಿನ ಗೋಡೆಯ ಗಡಿಯಾರ ನೋಡಿದರು. ಮಧ್ಯಾಹ್ನದ ಸಂದರ್ಶನಕ್ಕೆ ಹೊತ್ತಾಗುತ್ತಿತ್ತಲ್ಲ.

ಕೆಲಸ ಸಿಕ್ಕಿತು. ಶೈಲಾ ಮತ್ತು ಮೈದುನ ಧಾರವಾಡದ ಮಾಳಮಡ್ಡಿಯಲ್ಲಿ ಮನೆ ಮಾಡಿಕೊಂಡು ಹೋದರು. ಅತ್ತೆಯ ಆ ಮಾತು ಮಾತ್ರ ನನ್ನ ಜೊತೆ ಗೋಪನಕೊಪ್ಪದಲ್ಲಿ ಉಳಿಯಿತು. ಮದುವೆಮನೆಗಳಲ್ಲಿ ಅದನ್ನು ನಾನು ಹೇಳುವುದಿಲ್ಲ. ಅತ್ತೆಯ ಔಷಧಿ, ಅತ್ತೆಯ ಕಣ್ಣಿನ ಆಪರೇಶನ್ನು, ಅತ್ತೆಗೆ ಮೆತ್ತಗಿನ ರೊಟ್ಟಿ, ಎಲ್ಲ ನಾನೇ ನೋಡುವಾಗಲೂ ಒಳಗೆ ಒಂದು ಚೌಕ ಎದ್ದು ಬರುತ್ತಿತ್ತು: ಆ ಬೊಟ್ಟು ನನ್ನ ಕಣ್ಣಿನಿಂದ ಕಾಯಲು ಇಟ್ಟದ್ದು. ಮುಚ್ಚಿದರೆ ಮತ್ತೆ ಏಳುತ್ತಿತ್ತು.

ಈಗ ನನ್ನ ಲ್ಯಾಪ್‌ಟಾಪಿಗೆ ಬರೋಣ. ನಮ್ಮವರಿಂದ ಆಗದ್ದರಿಂದ ಶೈಲಾಳಿಗೇ ಫೋನ್ ಮಾಡಿದೆ. ದುಡ್ಡಿನದು ಯಾಕ್ರಿ ಅಕ್ಕಾರ, ಒಳಗಿನದೇ ಸಾಕು ಎಂದಳು. ಆಮೇಲೆ, "ಕ್ಯಾಮೆರಾಕ್ಕ ಅಷ್ಟ ಒಂದು ಕರೇ ಪಟ್ಟಿ ಹಚ್ಚಿ ಬಿಡ್ರಿ. ಯಾರ್ಯಾರೋ ಒಳಗಿಂದ ನೋಡತಾರಂತ. ನಾವೆಲ್ಲಾ ಹಚ್ಚೇವಿ," ಎಂದಳು. ನಾನು ಕಾದೆ, ಈಗ ನಗುತ್ತಾಳೆ, ಈಗ ಆ ಬೊಟ್ಟು ನೆನಪಾಗುತ್ತದೆ ಎಂದು. ಆಕೆ ಅತ್ತೆಯ ಬಿ.ಪಿ. ವಿಚಾರಿಸಿದಳು. ಆಕೆಗೆ ಆ ದಿನವೇ ಮರೆತುಹೋಗಿದೆ. ಫೋನ್ ಇಟ್ಟಮೇಲೆ ನನಗೆ ಆದ ಹೊಟ್ಟೆಯುರಿ ಹಳೆಯ ಎಲ್ಲದಕ್ಕಿಂತ ದೊಡ್ಡದು. ಮರೆಯುವುದು ಕೂಡ ಗೆದ್ದವರಿಗೇ ಸಿಗುತ್ತದೆ. ನಾನು ಹತ್ತು ವರ್ಷ ಎಣ್ಣೆ ಹಾಕಿ ಉರಿಸಿದ ದೀಪ ಆಕೆಯ ಮನೆಯಲ್ಲಿ ಇಲ್ಲವೇ ಇಲ್ಲ.

ಅವತ್ತೇ ಇನ್ನೊಂದು ಹೊಳೆಯಿತು, ಹೊಳೆದದ್ದು ಇಷ್ಟವಾಗಲಿಲ್ಲ. ಶೈಲಾಳ ವಸ್ತುವಿನ ಮೇಲೆ ಕಣ್ಣು ಹಾಕಲು ಮನೆಯಲ್ಲೇ ನಾನಿದ್ದೆ. ನನ್ನ ವಸ್ತುವಿನ ಮೇಲೆ ಕಣ್ಣು ಹಾಕಲು ಯಾರಿದ್ದಾರೆ? ಹೊಸ ಲ್ಯಾಪ್‌ಟಾಪು ಬಂದು ಇಷ್ಟು ದಿನವಾಯಿತು, ಅದಕ್ಕೆ ಕಾವಲು ಬೇಕೆಂದು ಮನೆಯಲ್ಲಿ ಒಬ್ಬರಿಗೂ ಅನ್ನಿಸಿಲ್ಲ. ಯಾರೂ ಕರುಬದ ವಸ್ತು ಬಂದಿದ್ದರೂ ಬಂದ ಹಾಗಲ್ಲ.

ಅದಕ್ಕೇ ಅದನ್ನು ಎತ್ತಿಕೊಂಡು ಪಡಸಾಲೆಗೆ ಹೋದೆ. ಅತ್ತೆ ಮೊರದಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. ಅವರ ಎದುರಿಗೆ ಲ್ಯಾಪ್‌ಟಾಪು ತೆರೆದಿಟ್ಟು ಕೂತೆ. ನೋಡಿದರು. ಛಲೋ ಐತಿ ಎಂದರು. ಇನ್ನೊಂದು ಕಾಯಿ ಬಿಡಿಸಿದರು. ನಾನು ಕಾಯುತ್ತಿದ್ದೆ, ಕೂಸಿನ ಹಾಗೆ ಕೆನ್ನೆ ಚಾಚಿಕೊಂಡು.

"ಅತ್ತ್ಯಾರ, ಇದಕ್ಕ ಬೊಟ್ಟ ಇಡಂಗಿಲ್ಲೇನ್ರಿ?"

"ಇದಕ್ಕ್ಯಾಕ?"

"ಶೈಲಾಂದಕ್ಕ ಇಟ್ಟಿದ್ರೆಲ್ಲಾ."

ಅತ್ತೆ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಈ ಸಲ ನನ್ನ ಹಿಂದೆ ಗಡಿಯಾರ ಇರಲಿಲ್ಲ.

"ನಾ ಎಲ್ಲಿ ಇಟ್ಟಿದ್ನೆವಾ? ನೀನ ಇಟ್ಟಿದ್ದಿ."

ನಾನು ನಕ್ಕೆ. ಅವರು ನಗಲಿಲ್ಲ. ನಿಮ್ಮ ಮಾವ ಹೋದಂದಿನಿಂದ ನಾನು ಕಾಡಿಗೆ ಮುಟ್ಟಿಲ್ಲ ಎಂದರು. ಶೈಲಾ ಕಣ್ಣು ಉರಿಯುತ್ತವೆ ಎಂದು ಹಚ್ಚುತ್ತಿರಲಿಲ್ಲ. ಮನೆಯಲ್ಲಿ ಕಾಡಿಗೆ ಡಬ್ಬಿ ಇದ್ದದ್ದು ಒಂದೇ, ಅದು ನಿನ್ನದು. ಇದನ್ನೆಲ್ಲ ಅವರು ಮಾರುಕಟ್ಟೆಯ ದರ ಹೇಳುವ ಹಾಗೆ ಹೇಳಿದರು.

"ಹಂಗಾರ ಆವತ್ತ ಯಾಕ ಸುಮ್ನ ಕುಂತ್ರಿ? ಎಲ್ಲಾರೂ ನಿಮ್ಮನ್ನ ನಗಾಕತ್ತಿದ್ರು."

"ಮುದುಕಿನ್ನ ನಕ್ಕ್ರ ಏನ ಹೋಗತೈತಿ. ನಿನ್ನ ಹೆಸರ ಬಂದಿದ್ರ ಆವತ್ತ ಯಾರೂ ನಗತಿದ್ದಿಲ್ಲ."

ನಾನು ಇಡುವುದನ್ನು ನೀವು ಕಣ್ಣಾರೆ ನೋಡಿದಿರೇ ಎಂದು ಕೇಳಿದೆ. ಮನೆಯೊಳಗಿನ ನೆದರು ಎಂದು ಹೇಳಿದ್ದು ನೆನಪಿದೆಯೇ ಎಂದೂ ಕೇಳಿದೆ. ಅವರು ಸುಲಿದ ಕಾಳನ್ನು ಮೊರದ ಒಂದು ಬದಿಗೆ ಸರಿಸಿ, ಸಂಜಿಗೆ ಉಸುಳಿ ಮಾಡೋಣು ಎಂದರು.

ಒಳಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ಕೆಳಮೂಲೆಯ ಚೌಕ ಮತ್ತೆ ಎದ್ದಿತ್ತು. ಪುಕ್ಕಟೆಯ ಆಂಟಿವೈರಸ್ಸನ್ನು ತೆಗೆದುಹಾಕಿದೆ, ಹುಟ್ಟಾ ಬಂದದ್ದಕ್ಕೇ ಕೆಲಸ ಒಪ್ಪಿಸಿದೆ. ಅದು ಎಲ್ಲ ಹುಡುಕಿ ಯಾವ ಅಪಾಯವೂ ಕಂಡುಬಂದಿಲ್ಲ ಎಂದಿತು. ಬೇರೆ ದಿನವಾಗಿದ್ದರೆ ಆ ಮಾತಿಗೂ ನನಗೆ ಅವಮಾನವಾಗುತ್ತಿತ್ತು. ನನ್ನ ಬಲಗೈಯ ಉಂಗುರದ ಬೆರಳನ್ನು ನೋಡುತ್ತ ಕೂತೆ. ಕ್ಯಾಮೆರಾದ ಮೇಲೆ ಒತ್ತಿ ನೋಡಿದೆ. ನೆನೆಯುತ್ತ ಹೋದಂತೆ ಗಾಜಿನ ತಂಪು, ಕಾಡಿಗೆಯ ಜಿಡ್ಡು, ಪಡಸಾಲೆಯಲ್ಲಿ ಯಾರೂ ಇಲ್ಲದ ಹೊತ್ತು, ಎಲ್ಲ ಒಂದೊಂದಾಗಿ ಬರತೊಡಗಿದವು. ಬಂದ ವೇಗಕ್ಕೇ ಅವುಗಳ ಮೇಲೆ ನನಗೆ ವಿಶ್ವಾಸ ಹೋಯಿತು. ನಿನ್ನೆಯವರೆಗೆ ಇವು ಎಲ್ಲಿದ್ದವು?

ಮದುವೆಮನೆಗಳಲ್ಲಿ ಈ ಕಥೆಯನ್ನು ಇನ್ನು ಹೇಗೆ ಹೇಳಬೇಕೋ ತಿಳಿಯದು. ಬೊಟ್ಟು ಅತ್ತೆ ಇಟ್ಟರೋ ನಾನು ಇಟ್ಟೆನೋ ನನಗೆ ಗೊತ್ತಿಲ್ಲ. ನಾನೇ ಇಟ್ಟಿದ್ದರೆ, ಶೈಲಾಳನ್ನು ನನ್ನ ಕಣ್ಣಿನಿಂದ ಕಾಯಬೇಕೆಂದು ಇಟ್ಟೆನೋ, ಆಕೆಯ ಮುಖ ಯಾರಿಗೂ ಕಾಣಬಾರದೆಂದು ಇಟ್ಟೆನೋ, ಅದೂ ಗೊತ್ತಿಲ್ಲ.